ಹಳೆಯ ಲ್ಯಾಪ್‌ಟಾಪಿನ ಪುನರ್ವಿವಾಹ

ಪರಹಸ್ತದಿಂದ ಬಂದ ಹಳೆಯ ಲ್ಯಾಪ್‌ಟಾಪಿಗೆ ಆಪರೇಟಿಂಗ್ ಸಿಸ್ಟಮನ್ನು ಆರಿಸುವುದೆಂದರೆ ಇಳಿವಯಸ್ಸಿನ ವರನಿಗೆ ಕನ್ಯೆಯನ್ನು ಹುಡುಕಿದಂತೆ: ಅಪೇಕ್ಷೆ ಅಪಾರ, ಯೋಗ್ಯತೆ ಪರಿಮಿತ. 2021ರಲ್ಲಿ ಅವತರಿಸಿದ ವಿಂಡೋಸ್ 11 ಎಂಬ ಕುಲೀನೆ, ಟಿಪಿಎಂ 2.0 ಎಂಬ ಭದ್ರತಾ ಘಟಕದ ಗೋತ್ರಪ್ರವರವನ್ನೂ 4 ಜಿಬಿ ರ್‍ಯಾಮಿನ ಕನಿಷ್ಠ ಆಸ್ತಿಯನ್ನೂ ವಿಚಾರಿಸಿ, ಇಲ್ಲವೆಂದೊಡನೆ ಮುಖ ತಿರುಗಿಸುತ್ತಾಳೆ. ಅದುವರೆಗೆ ಸಂಸಾರ ತೂಗಿಸಿದ್ದ ವಿಂಡೋಸ್ 10ಕ್ಕಾದರೋ 2025ರ ಅಕ್ಟೋಬರ್ 14ರಂದು ತವರಿನ ಸಾಮಾನ್ಯ ಪೋಷಣೆಯೇ ನಿಂತುಹೋಯಿತು. ಇನ್ನುಳಿದದ್ದು 1991ರಲ್ಲಿ ಫಿನ್ಲೆಂಡಿನ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಲಿನಕ್ಸಿನ ಬೃಹದ್ವಂಶ. ಮಿಂಟ್, ಲುಬುಂಟು, ಡೆಬಿಯನ್ ಮೊದಲಾದ ಅದರ ಶಾಖೆಗಳು ಶುಲ್ಕವನ್ನು ಬೇಡದೆ ಬರುತ್ತವೆಯಾದರೂ, ಯಾವುದು ಶ್ರೇಷ್ಠವೆಂದು ಇಬ್ಬರು ಪಂಡಿತರನ್ನು ಕೇಳಿದರೆ ಮೂರು ಮತಗಳು ಸಿದ್ಧ. ಆದುದರಿಂದ, ವಾಚಕ ಮಹಾಶಯರೇ, ಮೊದಲು ಕಡತಗಳ ಪ್ರತಿಯನ್ನು ಬೇರೆಡೆ ಭದ್ರಪಡಿಸಿ, ಪೆನ್‌ಡ್ರೈವಿನಿಂದಲೇ ಒಮ್ಮೆ ಲಿನಕ್ಸನ್ನು ನಡೆಸಿ, ವೈಫೈ ಒಲಿಯುವುದೋ ಮುನಿಯುವುದೋ ಪರೀಕ್ಷಿಸಿ, ಅನಂತರವೇ ಮುಹೂರ್ತವಿಡಿ.