ಮಂಡೆ ಎರಡು, ದಿಂಬು ಹತ್ತೊಂಬತ್ತು

"ಎಂತ ಮಾಸ್ಟ್ರೇ, ಮನೆಯಲ್ಲಿ ಬಾಣಂತಿ ಉಂಟಾ?"

ದಾಸವಾಳದ ಬೇಲಿಯ ಆಚೆಯಿಂದ ಬಾಯಮ್ಮ ಕೇಳಿದರು. ನಾನು ಫ್ಲ್ಯಾಟಿನ ಎದುರು ಚಾಪೆ ಹಾಸಿ ದಿಂಬು ಒಣಗಿಸುತ್ತಿದ್ದೆ. ಒಂದಲ್ಲ, ಎರಡಲ್ಲ, 19.

"ಬಾಣಂತಿಯೂ ಇಲ್ಲ, ನೆಂಟರೂ ಇಲ್ಲ ಬಾಯಮ್ಮ. ನಾವಿಬ್ಬರೇ."

"ಮತ್ತೆ ಇಷ್ಟರಲ್ಲಿ ತಲೆ ಇಡುದು ಯಾರು?"

"ತಲೆ ಇಡಲಿಕ್ಕೆ ಅಲ್ಲ ಇದು. ಚಂದಕ್ಕೆ."

"ದೇವಾ!" ಅಂದರು ಬಾಯಮ್ಮ. ಕೈಯಲ್ಲಿದ್ದ ಪೊರಕೆಯನ್ನು ಬೇಲಿಗೆ ಒರಗಿಸಿದರು. ಅವರು ಪೊರಕೆ ಒರಗಿಸಿದರೆಂದರೆ ಕನಿಷ್ಠ ಅರ್ಧ ಗಂಟೆಯ ಮಾತು ಎಂದು ಲೆಕ್ಕ.

ಮಂಗಳೂರಿನ ಹಂಪನಕಟ್ಟೆಯಲ್ಲಿ ಮನೆ ಅಂದರೆ ಈಗ ಯಾರೂ ನಂಬುವುದಿಲ್ಲ. ಅಲ್ಲಿರುವುದು ಸಿಗ್ನಲ್ಲು, ಅಂಗಡಿ, ಆಸ್ಪತ್ರೆ, "ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್" ಎಂದು ಬೊಬ್ಬೆ ಹೊಡೆಯುವ ಕಂಡಕ್ಟರುಗಳು ಮಾತ್ರ ಎಂದು ಎಲ್ಲರ ತೀರ್ಮಾನ. ಆದರೆ ಮಿಲಾಗ್ರಿಸ್ ಚರ್ಚಿನ ಗಂಟೆ ಕೇಳುವಷ್ಟು ದೂರದ ಒಂದು ಓಣಿಯಲ್ಲಿ ನಮ್ಮ ನಾಲ್ಕು ಮಾಳಿಗೆಯ ಫ್ಲ್ಯಾಟೂ ಬಾಯಮ್ಮನ ಹಂಚಿನ ಮನೆಯೂ ಎದುರು ಬದುರು ಉಂಟು. ನಡುವಿನ ಕಂಪೌಂಡು ಒಂದು ಮಳೆಗಾಲದಲ್ಲಿ ಕುಸಿದದ್ದೇ ಒಳ್ಳೆಯದಾಯ್ತು. ಪುನಃ ಕಟ್ಟುವ ಖರ್ಚು ಯಾರದ್ದು ಎಂದು ತೀರ್ಮಾನ ಆಗುವಷ್ಟರಲ್ಲಿ ದಾಸವಾಳ ಬೆಳೆದು ಬೇಲಿಯಾಯಿತು. ಕಲ್ಲಿನ ಗೋಡೆಯ ಮೇಲೆ ಮೊಣಕೈ ಊರಿ ಮಾತಾಡಲು ಆಗುವುದಿಲ್ಲ ನೋಡಿ, ಚರ್ಮ ತರಚುತ್ತದೆ.

ಈ 19 ದಿಂಬು ಒಂದೇ ದಿನ ಬಂದದ್ದಲ್ಲ. ಸೋಫಾ ತೆಗೆದುಕೊಂಡಾಗ ಅಂಗಡಿಯವ ಐದು ಪುಕ್ಕಟೆ ಕೊಟ್ಟ. ಪುಕ್ಕಟೆ ಸಿಕ್ಕಿದ್ದರ ಬಣ್ಣ ನಮ್ಮ ಪರದೆಗೆ ಹೊಂದಲಿಲ್ಲ ಎಂದು ಮಗಳು ಬೆಂಗಳೂರಿನಿಂದ ಐದು ತಂದಳು. ಆ ಬಣ್ಣಕ್ಕೆ ಪರದೆ ಬದಲಾಯಿಸಿದೆವು. ಹೊಸ ಪರದೆಗೆ ಹೊಂದುವ ಐದರ ಸೆಟ್ಟು ಆಫರಿನಲ್ಲಿ ಬಂತು. ಐದಕ್ಕಿಂತ ಕಡಿಮೆ ಕೊಡುವ ಪದ್ಧತಿ ಈ ವ್ಯಾಪಾರದಲ್ಲಿ ಇಲ್ಲವೋ ಏನೋ. ಅಳತೆಯೂ ಎಲ್ಲದರದ್ದೂ 16 ಇಂಚಿಗೆ 16 ಇಂಚು. ಅದೂ ಸಾಲದೆ ಮಂಚದ ಮೇಲಕ್ಕೆ ಮೂರು, ರಾತ್ರಿ ತೆಗೆದು ಕುರ್ಚಿಯ ಮೇಲೆ ಇಡಲಿಕ್ಕೆ, ಬೆಳಿಗ್ಗೆ ಕುರ್ಚಿಯಿಂದ ತೆಗೆದು ಮಂಚದ ಮೇಲೆ ಇಡಲಿಕ್ಕೆ. ನಿವೃತ್ತಿಯಾದವನಿಗೆ ವ್ಯಾಯಾಮ ಬೇಕಲ್ಲ.

ಹೆಚ್ಚಿನವುಗಳ ಬಣ್ಣವೋ, ಹಾಲಿನ ಕೆನೆಯದ್ದು. ಇಲ್ಲಿಂದ ನಡೆದೇ ಹೋಗಬಹುದಾದ ಬಲ್ಮಠದ ಬಾಸೆಲ್ ಮಿಷನ್ ನೇಯ್ಗೆ ಕಾರ್ಖಾನೆಯಲ್ಲಿ ಜಾನ್ ಹಾಲರ್ ಎಂಬ ಜರ್ಮನಿಯವರು 19ನೇ ಶತಮಾನದ ನಡುವಿನಲ್ಲಿ ಖಾಕಿ ಬಟ್ಟೆ ತಯಾರಿಸಿದರಂತೆ. ಕೊಳೆ ಕಾಣದ ಬಣ್ಣವನ್ನು ಲೋಕದ ಪೊಲೀಸರಿಗೆಲ್ಲ ಹಂಚಿದೆವು ಎಂದು ಹೆಮ್ಮೆಪಡುವ ಊರಿನವರು ನಾವು, ಸೋಫಾಕ್ಕೆ ಮಾತ್ರ ಕೆನೆ ಬಣ್ಣ ಹುಡುಕುವುದು.

ಹತ್ತೊಂಬತ್ತನೆಯದ್ದು ದೊಡ್ಡ ಫಜೀತಿ. ನಮ್ಮ ಮದುವೆಯ ವರ್ಷಾಚರಣೆಗೆ ಮಗ ಕಳಿಸಿದ್ದು. ಹೃದಯದ ಆಕಾರ, ನಡುವಿನಲ್ಲಿ ನಾವಿಬ್ಬರು ನಗುವ ಫೋಟೋ ಅಚ್ಚು ಹೊಡೆಸಿದ್ದಾನೆ. ಅದಕ್ಕೆ ಒರಗುವ ಹಾಗಿಲ್ಲ, ಒರಗಿದರೆ ಮೂಗು ಒತ್ತುತ್ತದೆ. ಕೂರುವ ಹಾಗಂತೂ ಇಲ್ಲವೇ ಇಲ್ಲ. ದಿಂಬಿನ ಮೇಲೆ ಕೂತರೆ ಕುರು ಏಳುತ್ತದೆ ಎಂದು ನಮ್ಮ ಅಜ್ಜಿ ಹೆದರಿಸುತ್ತಿದ್ದರು. ಸ್ವಂತ ಮುಖದ ಮೇಲೆ ಸ್ವತಃ ಕೂತರೆ ಏನಾಗುತ್ತದೆ ಎಂದು ಅವರಿಗೂ ಹೊಳೆದಿರಲಿಲ್ಲ.

"ಬಿಸಾಡಿ ಮಾಸ್ಟ್ರೇ" ಅಂದರು ಬಾಯಮ್ಮ.

ಬಿಸಾಡುವುದು ಎಲ್ಲಿಗೆ? ಕಸದ ಗಾಡಿಯ ಹುಡುಗ ಹಸಿ ಕಸ, ಒಣ ಕಸ ಎಂದು ಬೇರೆ ಬೇರೆ ಕೇಳುತ್ತಾನೆ. ಮಂಗಳೂರಿನ ಜುಲೈಯಲ್ಲಿ ದಿಂಬು ಯಾವ ಲೆಕ್ಕಕ್ಕೆ ಸೇರುತ್ತದೆ ಹೇಳಿ. ಮನೆಯವಳ ವಾದವೋ ಇನ್ನೂ ಬಲವಾದದ್ದು. "ಬೇಡ ಅಂತ ನಮ್ಮೂರಿನ ಗಡಿಯಾರ ಗೋಪುರವನ್ನು ಕೆಡವಿದರು. ಮತ್ತೆ ಬೇಕು ಅಂತ ಅಲ್ಲಿಯೇ ಕಟ್ಟಿದರು. ನಮ್ಮ ದಿಂಬೂ ಹಾಗೆಯೇ, ನಾಳೆ ಬೇಕಾದರೆ?" ಈ ಮಾತಿಗೆ ಉತ್ತರ ನಗರಪಾಲಿಕೆಯಲ್ಲೇ ಇಲ್ಲ, ನನ್ನಲ್ಲಿ ಎಲ್ಲಿಂದ ಬರಬೇಕು?

ಸೋಫಾದ ಮೇಲೆ ಐದು ಇದ್ದರೆ ಉಳಿದದ್ದು 14. ಇವನ್ನು ಎಲ್ಲಿ ಇಡುವುದು ಎಂಬುದೇ ಮಂಡೆಬಿಸಿ. ಮಂಡೆ ತಂಪು ಮಾಡಲಿಕ್ಕೆ ಇರುವ ವಸ್ತುವಿನಿಂದಲೇ ಮಂಡೆಬಿಸಿ! ಗೋದ್ರೆಜ್ ಕಪಾಟಿನ ನೆತ್ತಿಯಲ್ಲಿ ಇಟ್ಟೆವು, ಫ್ಯಾನು ಹಾಕಿದಾಗಲೆಲ್ಲ ಒಂದೊಂದೇ ಇಳಿದು ಬಂತು. ಮಂಚದ ಅಡಿಯಲ್ಲಿ ಇಟ್ಟೆವು, ಅಲ್ಲಿ ಮೊದಲೇ ವಾಸ ಇದ್ದ ಜಿರಲೆಗಳಿಗೆ ಹಾಸಿಗೆಯಾಯ್ತು. ಬಚ್ಚಲಿನ ಮೇಲಿನ ಲಾಫ್ಟಿನಲ್ಲಿ ತುರುಕಿದೆವು. ಕಳೆದ ವರ್ಷ ಚೌತಿಗೆ ನೆಂಟರು ಬರುತ್ತಾರೆಂದು ತೆಗೆದು ನೋಡಿದರೆ ಕೆನೆ ಬಣ್ಣದ ಮೇಲೆ ಹಸಿರು ಬೂಷ್ಟು, ಕಪ್ಪು ಚುಕ್ಕಿ. ಜೊತೆಗೆ ಮುಗ್ಗಲು ವಾಸನೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮೇಲೆ ಮಳೆ ಸುರಿಯುವ ಊರಿದು. ಅದರಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಜೂನ್‌ನಿಂದ ಸೆಪ್ಟೆಂಬರಿನ ಒಳಗೇ ಬೀಳುತ್ತದೆ. ಆಟಿ ತಿಂಗಳಲ್ಲಿ ಇಲ್ಲಿ ಉಪ್ಪು ನೀರಾಗುತ್ತದೆ, ಹಪ್ಪಳ ಬಟ್ಟೆಯಾಗುತ್ತದೆ, ಬೆಂಕಿಪೆಟ್ಟಿಗೆ ಸತ್ತು ಹೋಗುತ್ತದೆ. ಮೆತ್ತಗಿನ ದಿಂಬು ಎಷ್ಟೆಂದು ತಡೆದೀತು?

ನುಸಿಗುಳಿಗೆ ಇಟ್ಟು ನೋಡಿದೆವು. ಬೂಷ್ಟಿಗೂ ಅದಕ್ಕೂ ಸಂಬಂಧವೇ ಇಲ್ಲ. ಅದು ನುಸಿಗೆ, ಹುಳಕ್ಕೆ. ಬೂಷ್ಟಿನ ಹೊಟ್ಟೆಗೆ ಬೇಕಾದ್ದು ತೇವ, ನಿಂತ ಗಾಳಿ. ಬಚ್ಚಲಿನ ಮೇಲಿನ ಲಾಫ್ಟಿನಲ್ಲಿ ಎರಡೂ ಧಾರಾಳ. ಹೀಗಾಗಿ ನಮಗೆ ಸಿಕ್ಕಿದ ಫಲ ಎಂದರೆ ಬೂಷ್ಟಿನ ವಾಸನೆಯ ಮೇಲೆ ನುಸಿಗುಳಿಗೆಯ ವಾಸನೆ. ಬಂದ ನೆಂಟರು ದಿಂಬನ್ನು ಮಗುವಿನ ಹಾಗೆ ಮಡಿಲಲ್ಲಿ ಇಟ್ಟುಕೊಂಡು ಕೂತರು, ಎರಡು ನಿಮಿಷದಲ್ಲಿ ಮೆಲ್ಲ ಪಕ್ಕಕ್ಕೆ ಸರಿಸಿದರು. ದೊಡ್ಡವರು, ಏನೂ ಹೇಳಲಿಲ್ಲ.

ನಾನು ಕಲಿಸುತ್ತಿದ್ದದ್ದು ಗಣಿತ. ಲೆಕ್ಕ ಹಾಕದೆ ನಿದ್ದೆ ಬರುವ ಜಾತಿಯಲ್ಲ. ಅಡುಗೆಮನೆಯ ತಕ್ಕಡಿಯಲ್ಲಿ ಒಂದು ದಿಂಬನ್ನು ತೂಗಿದೆ. ಕವರು ಬಿಟ್ಟು 350 ಗ್ರಾಂ. ಒಳಗಿರುವುದು ಪಾಲಿಯೆಸ್ಟರ್ ನಾರು. ಒಂದು ಘನ ಸೆಂಟಿಮೀಟರ್ ಪಾಲಿಯೆಸ್ಟರಿನ ತೂಕ ಹೆಚ್ಚು ಕಡಿಮೆ 1.38 ಗ್ರಾಂ. ಅಂದರೆ ದಿಂಬಿನಲ್ಲಿರುವ ಅಸಲು ವಸ್ತು ಕಾಲು ಲೀಟರು, ಒಂದು ದೊಡ್ಡ ಲೋಟದಷ್ಟು. ದಿಂಬು ಆಕ್ರಮಿಸುವ ಜಾಗವೋ, ಅಂಚು ತೆಳ್ಳಗಿರುವುದನ್ನು ಕಳೆದರೂ ಸುಮಾರು 16 ಲೀಟರು. ಉಳಿದ ಹದಿನೈದು ಮುಕ್ಕಾಲು ಲೀಟರು ಏನು? ಗಾಳಿ. ಅದೂ ಹಂಪನಕಟ್ಟೆ ಸಿಗ್ನಲ್ಲಿನ ಗಾಳಿ. 14 ದಿಂಬಿಗೆ 224 ಲೀಟರು ಆಯಿತು, ನಮ್ಮ ಫ್ರಿಜ್ಜೇ 190 ಲೀಟರಿನದ್ದು. ಚದರ ಅಡಿಯ ಲೆಕ್ಕದಲ್ಲಿ ದುಡ್ಡು ಕೊಟ್ಟು ಫ್ಲ್ಯಾಟು ಕೊಂಡದ್ದು ಗಾಳಿಯನ್ನು ಕಪಾಟಿನಲ್ಲಿ ಇಡಲಿಕ್ಕಾ ಮಾರಾಯ್ರೆ?

ಗಾಳಿ ತೆಗೆದರೆ ಆಯಿತಲ್ಲ ಎಂದು ಅಳಿಯ ಒಂದು ಉಪಾಯ ಹೇಳಿದ. ದಪ್ಪ ಪ್ಲಾಸ್ಟಿಕ್ಕಿನ ಚೀಲ, ಬಾಯಿಗೆ ಜಿಪ್ಪು, ಹೊಟ್ಟೆಗೊಂದು ತೂತು. ತೂತಿಗೆ ವ್ಯಾಕ್ಯೂಮ್ ಕ್ಲೀನರಿನ ಕೊಳವೆ ಇಟ್ಟು ಎಳೆದರೆ ಏಳು ದಿಂಬು ಉಬ್ಬು ರೊಟ್ಟಿ ತಣಿದ ಹಾಗೆ ಚಪ್ಪಟೆಯಾದವು. ಮನೆಯವಳು ಕೈತಟ್ಟಿದಳು. ಹದಿನೈದು ದಿನ ಕಳೆದು ಮಧ್ಯರಾತ್ರಿ ಕಪಾಟಿನ ಬಾಗಿಲು ಕಿರ್ರೆಂದು ತಾನಾಗಿ ತೆರೆಯಿತು. ಕಳ್ಳನೆಂದು ನಾನು ಕೊಡೆ ಹಿಡಿದುಕೊಂಡು ಹೋದೆ. ಕಳ್ಳನಲ್ಲ, ಚೀಲದ ಜಿಪ್ಪಿನಲ್ಲಿ ಒಂದು ಕೂದಲಿನಷ್ಟು ಸಂದು. ಒಳಗೆ ಗಾಳಿ ಸೇರಿ ಏಳೂ ದಿಂಬು ಹೊಟ್ಟೆ ಉಬ್ಬಿಸಿಕೊಂಡು ಬಾಗಿಲು ತಳ್ಳುತ್ತಿದ್ದವು. ಇನ್ನೊಂದು ಮಾತು, ಇದು ಅನುಭವದಿಂದ ಹೇಳುವುದು: ಸ್ವಲ್ಪ ತೇವ ಇದ್ದರೂ ಆ ಚೀಲದಲ್ಲಿ ಹಾಕಬೇಡಿ. ಹೊರಗೆ ಹೋಗಲು ದಾರಿ ಇಲ್ಲದೆ ತೇವ ಅಲ್ಲೇ ಸಂಸಾರ ಹೂಡುತ್ತದೆ. ತಿಂಗಳುಗಟ್ಟಲೆ ಒತ್ತಿ ಇಟ್ಟರೆ ನಾರೂ ಗಂಟು ಕಟ್ಟುತ್ತದೆ.

ಇಷ್ಟೆಲ್ಲ ಕಥೆಯನ್ನು ಬೇಲಿಯ ಮೇಲೆ ಹೇಳಿ ಮುಗಿಸಿದೆ. ಬಾಯಮ್ಮ ಒಂದು ದಾಸವಾಳದ ಎಲೆ ಕಿತ್ತು ಮಡಚುತ್ತಾ ಕೇಳುತ್ತಿದ್ದರು.

"ಇಡಲಿಕ್ಕೆ ಜಾಗ ಇಲ್ಲ ಅಂತ ಹೇಳಬೇಡಿ ಮಾಸ್ಟ್ರೇ. ಸಿಗ್ನಲ್ಲಿನಲ್ಲಿ ಬಾವಿ ಸಿಕ್ಕಿದ್ದು ಗೊತ್ತುಂಟಲ್ಲ?"

ಗೊತ್ತಿಲ್ಲದೆ ಉಂಟಾ? 2021ರಲ್ಲಿ ರಸ್ತೆ ಕೆಲಸಕ್ಕೆ ಅಗೆಯುವಾಗ ಹಂಪನಕಟ್ಟೆಯ ರಸ್ತೆಯಡಿಯಲ್ಲಿ ಒಂದು ಹಳೆಯ ಬಾವಿಯೇ ಸಿಕ್ಕಿತು. ನಾವೂ ಹೋಗಿ ಇಣುಕಿ ಬಂದಿದ್ದೆವು. ಅಪ್ಪಣ್ಣ ಎಂಬವರೊಬ್ಬರು ದಾರಿಹೋಕರಿಗೆ ನೀರು ಕೊಡುತ್ತಿದ್ದ ಕಟ್ಟೆ, ಅಪ್ಪಣ್ಣನ ಕಟ್ಟೆ, ಅದೇ ಬಾಯಿಂದ ಬಾಯಿಗೆ ಹಂಪನಕಟ್ಟೆಯಾಯ್ತು ಎಂದು ಹಿರಿಯರು ಹೇಳುವುದುಂಟು. ಒಂದು ಇಡೀ ಬಾವಿಯನ್ನು ರಸ್ತೆಯಡಿಯಲ್ಲಿ ಇಟ್ಟು, ಇಟ್ಟದ್ದನ್ನೇ ಮರೆತು, ಮೇಲಿನಿಂದ ಬಸ್ಸು ಓಡಿಸಿದ ಊರು. 14 ದಿಂಬಿಗೆ ಜಾಗ ಇಲ್ಲ ಎಂದು ಇಲ್ಲಿ ಕೂತು ಅಳುವವನು ನಾನೊಬ್ಬನೇ.

"ನಮ್ಮಲ್ಲಿಗೆ ಬನ್ನಿ, ತೋರಿಸ್ತೇನೆ" ಎಂದು ಬಾಯಮ್ಮ ಒಳಗೆ ಕರೆದರು.

ಅವರ ಅಟ್ಟಕ್ಕೆ ಮರದ ಏಣಿ. ಮೇಲೆ ಹಲಗೆ, ಅದರ ಮೇಲೆ ಮಂಗಳೂರು ಹಂಚು. ಬಾಸೆಲ್ ಮಿಷನಿನವರು 1865ರಲ್ಲಿ ಇಲ್ಲಿ ಹಂಚಿನ ಕಾರ್ಖಾನೆ ಹಾಕಿದ್ದು ನಮಗೆಲ್ಲ ಶಾಲೆಯಲ್ಲಿ ಬಾಯಿಪಾಠ. ಆ ಹಂಚಿನ ಅಡಿಯ ಅಟ್ಟ ಏನು ಮಾಡುತ್ತದೆಂದು ಯಾರೂ ಪಾಠ ಮಾಡಲಿಲ್ಲ. ಹಂಚಿನ ಸಂದಿನಿಂದ ಗಾಳಿ ಆಡುತ್ತದೆ. ಬಿಸಿಲು ಕಾಣಿಸಿದಾಗಲೆಲ್ಲ ಅಟ್ಟ ಬೆಚ್ಚಗಾಗುತ್ತದೆ. ಹಿಂದೆ ಅಡುಗೆಮನೆಯ ಒಲೆಯ ಹೊಗೆಯೂ ಮೇಲೆ ಹೋಗಿ ತೇವವನ್ನೂ ಹುಳವನ್ನೂ ಒಟ್ಟಿಗೆ ಓಡಿಸುತ್ತಿತ್ತು. ಇಲಿ ಮತ್ತು ಒರಲೆಯ ಭಯ ಒಂದು ಬಿಟ್ಟರೆ ಅದು ದಿಂಬಿಗೆ ಸ್ವರ್ಗ.

ಅಲ್ಲಿ ತಗಡಿನ ಟ್ರಂಕಿನಲ್ಲಿ ಇವರ ಅತ್ತೆಯ ಕಾಲದ ನಾಲ್ಕು ದಿಂಬು. ಒಂದನ್ನು ಎತ್ತಿದೆ. ಕೈಗೆ ಭಾರವೇ ಸಿಗಲಿಲ್ಲ. ಬೂರುಗದ ಹತ್ತಿ. ನಮ್ಮ ಬಾಲ್ಯದಲ್ಲಿ ಬೇಸಗೆಯ ಹೊತ್ತಿಗೆ ಬೂರುಗದ ಕಾಯಿ ಒಡೆದು ಊರೆಲ್ಲ ಹತ್ತಿ ಹಾರುತ್ತಿತ್ತು. ಮಕ್ಕಳು ಹೆಕ್ಕಬೇಕು, ಅಮ್ಮಂದಿರು ಕೋಲಿನಲ್ಲಿ ಬಡಿದು ಬೀಜ ಬಿಡಿಸಬೇಕು. ಬಾಗಿಲು ಕಿಟಕಿ ಮುಚ್ಚಿ ತುಂಬಿಸುತ್ತಿದ್ದರು. ಯಾರಾದರೂ ಸೀನಿದರೆ ಅರ್ಧ ದಿಂಬು ಮಾಡಿಗೆ ಏರುತ್ತಿತ್ತು. ಆ ನಾರು ಒಳಗೆ ಟೊಳ್ಳು, ಹೊರಗೆ ಮೇಣದಂಥ ಲೇಪ. ನುಣುಪು ಎಷ್ಟೆಂದರೆ ನೂಲು ತೆಗೆಯಲಿಕ್ಕೆ ಒಗ್ಗುವುದಿಲ್ಲ. ನೀರನ್ನು ಸುಲಭದಲ್ಲಿ ಹೀರುವುದೂ ಇಲ್ಲ. ಹಾಗಾಗಿ ಒಂದು ಕಾಲದಲ್ಲಿ ಹಡಗಿನವರ ಜೀವರಕ್ಷಕ ಅಂಗಿಗಳಿಗೆ ಅದರ ಬಿಳಿ ಜಾತಿಯ ಹತ್ತಿಯನ್ನೇ ತುಂಬುತ್ತಿದ್ದರು. ಸಮುದ್ರದಲ್ಲಿ ತೇಲಿದ್ದು ಮಂಗಳೂರಿನ ಮಳೆಗಾಲದಲ್ಲಿ ಮುಳುಗೀತೇ?

"ಇದಕ್ಕೂ ಬಿಸಿಲು ಬೇಕು" ಅಂದರು ಬಾಯಮ್ಮ. "ಆದರೆ ನಿಮ್ಮ ಹಾಗೆ ಮೇ ತಿಂಗಳಲ್ಲಿ ಅಲ್ಲ. ಈ ಬಿಸಿಲಿಗೆ ಬೆವರು ಉಂಟು. ಕ್ರಿಸ್ಮಸ್ ಮುಗಿಸಿ ಜನವರಿಯಲ್ಲಿ ಹಾಕಬೇಕು. ಆಗ ಗಾಳಿ ಒಣ. ಮಧ್ಯಾಹ್ನ ಎರಡು ಪೆಟ್ಟು ಕೊಟ್ಟು ಮಗುಚಿ ಹಾಕುದು, ಸೂರ್ಯ ಇಳಿಯುವ ಮೊದಲು ಒಳಗೆ ತರುದು, ತಣಿದ ಮೇಲೆ ಪೆಟ್ಟಿಗೆಗೆ. ಬಿಸಿ ಬಿಸಿ ತುಂಬಿಸಿದರೆ ಒಳಗೇ ಬೆವರುತ್ತದೆ."

ಇದನ್ನು ನಾನು ಕಾಗದದಲ್ಲಿ ಬರೆದುಕೊಂಡೆ.

ಕೆಳಗೆ ಬಂದು ಚಾ ಕುಡಿಯುವಾಗ ಅವರ ಸೋಫಾದ ದಿಂಬಿಗೆ ಒರಗಿದೆ. ನಮ್ಮದಕ್ಕಿಂತ ಗಟ್ಟಿ, ಹಿತವಾದ ಭಾರ. "ಇದು ಯಾವ ಹತ್ತಿ?" ಕೇಳಿದೆ. ಬಾಯಮ್ಮ ನಗುತ್ತಾ ಜಿಪ್ಪು ಎಳೆದರು. ಒಳಗೆ ಹತ್ತಿ ಇಲ್ಲ, ನಾರಿಲ್ಲ. ತೀರಿಹೋದ ಯಜಮಾನರು ಊಟಿಗೆ ಹೋದಾಗ ತಂದಿದ್ದ ಸ್ವೆಟರು, ಎರಡು ಹೊದಿಕೆ, ಮೊಮ್ಮಕ್ಕಳು ಬಂದಾಗ ಹಾಸುವ ಪುಟ್ಟ ರಜಾಯಿ, ಎಲ್ಲ ಚೌಕವಾಗಿ ಮಡಚಿ ಇಟ್ಟದ್ದು.

"ದಿಂಬು ಇಡಲಿಕ್ಕೆ ಕಪಾಟು ಯಾಕೆ ಮಾಸ್ಟ್ರೇ? ನನಗೆ ಇದೇ ಕಪಾಟು."

ಮೂವತ್ತು ವರ್ಷ ಮಕ್ಕಳಿಗೆ ಲೆಕ್ಕ ಕಲಿಸಿದವನಿಗೆ ಈ ಲೆಕ್ಕ ತಿರುಗಿಸಿ ಮಾಡಬಹುದೆಂದು ಹೊಳೆದಿರಲಿಲ್ಲ. ಮನೆಗೆ ಬಂದವನೇ ಹತ್ತು ದಿಂಬಿನ ಹೊಲಿಗೆ ಬಿಚ್ಚಿದೆ. ಮನೆಯವಳು ಬೊಬ್ಬೆ ಹಾಕುವ ಮೊದಲು ನಾರನ್ನೆಲ್ಲ ಹಿಂಜಿ, ಭಜನೆಗೆ ಬಂದವರು ಒರಗಲಿ ಎಂದು ಹಿಂದೊಮ್ಮೆ ಹೊಲಿಸಿ ಮರೆತಿದ್ದ ಎರಡು ಉದ್ದ ಗವಸುಗಳಿಗೆ ಐದೈದರಂತೆ ತುಂಬಿಸಿದೆ. ಎರಡು ಗಟ್ಟಿ ಲೋಡು ಆಯಿತು. ಮಗಳಿಗೆ ಫೋನಿನಲ್ಲಿ "ಮನೆಯಲ್ಲಿ ಎರಡು ಲೋಡು ಬಿದ್ದಿದೆ" ಅಂದೆ. ಬೆಂಗಳೂರಿನಲ್ಲಿ ಇದ್ದು ಅವಳ ಕನ್ನಡ ಕೆಟ್ಟಿದೆ. "ಮರಳಾ, ಜಲ್ಲಿಯಾ ಅಪ್ಪ?" ಎಂದು ಕೇಳಿದಳು.

ಖಾಲಿಯಾದ ಕವರುಗಳಲ್ಲಿ ನಾಲ್ಕಕ್ಕೆ ಹೊದಿಕೆ, ಶಾಲು, ಹಳೆಯ ಪರದೆ ಸೇರಿತು. ಬೇರೆ ಮೂರು ದಿಂಬನ್ನು ನಮ್ಮ ಫ್ಲ್ಯಾಟಿನ ವಾಚ್‌ಮ್ಯಾನಿಗೆ ಕೊಟ್ಟೆ. ಅವನ ಕಬ್ಬಿಣದ ಕುರ್ಚಿಗೆ ಅಡಿಗೊಂದು, ಬೆನ್ನಿಗೊಂದು. ಮೂರನೆಯದ್ದು ಮಧ್ಯಾಹ್ನ ಎರಡು ಗಂಟೆಯ ಮೇಲೆ ಕೆಲಸಕ್ಕೆ ಬರುತ್ತದೆ, ಕಮಿಟಿಯವರಿಗೆ ಹೇಳಬೇಡಿ.

ಕಪಾಟಿನ ಮೇಲಿನ ಖಾನೆ ಪೂರ್ತಿ ಖಾಲಿಯಾಗಿದೆ. ಮನೆಯವಳು ಎರಡು ದಿನದಿಂದ ಅದನ್ನೇ ನೋಡುತ್ತಿದ್ದಾಳೆ. ಆಫರಿನ ಕಾಲ ಬೇರೆ.

ಹೃದಯದ ದಿಂಬೊಂದು ಉಳಿಯಿತು. ಅದನ್ನು ಬಿಚ್ಚಲು ಕತ್ತರಿ ಹಿಡಿದರೆ ಅದರಲ್ಲಿರುವ ನಾನೇ ನನ್ನನ್ನು ನೋಡಿ ನಗುತ್ತಿದ್ದೆ. ಕೊನೆಗೆ ಬೇಲಿಯ ಮೇಲಿನಿಂದ ಬಾಯಮ್ಮನಿಗೆ ದಾಟಿಸಿದೆ. ಅವರು ಮುಖ ಒರೆಸಿ, ಅತ್ತೆಯ ನಾಲ್ಕು ದಿಂಬಿನ ನಡುವೆ ಜಾಗ ಮಾಡಿ ಟ್ರಂಕಿನ ಮುಚ್ಚಳ ಹಾಕಿದರು. ಈ ಮಳೆಗಾಲಕ್ಕೆ ನಾವಿಬ್ಬರೂ ಬಾಯಮ್ಮನ ಅಟ್ಟದಲ್ಲಿ.