ಗಾಜಿನ ಒಲೆಯ ಕಾವಲುಗಾರ

ಟೀವಿ ರಿಮೋಟನ್ನು ಕೊಂಡ ದಿನದ ಪ್ಲಾಸ್ಟಿಕ್ ಕವರಿನಲ್ಲೇ ಉಳಿಸಿಕೊಂಡು, ಅದರ ಮೇಲಿಂದಲೇ ಗುಂಡಿ ಒತ್ತುವವರನ್ನು ನೀವು ಕಂಡಿರುತ್ತೀರಿ. ಅವರ ಮನೆಯ ಫ್ರಿಜ್ಜಿನ ತಲೆಗೊಂದು ಲೇಸಿನ ಬಟ್ಟೆ, ಹಿಡಿಗೊಂದು ಗವಸು. ಸೋಫಾಕ್ಕೊಂದು ಕವರು, ಆ ಕವರು ಕೊಳೆಯಾಗದಿರಲೆಂದು ಅದರ ಮೇಲೊಂದು ಟವೆಲು. ಇಂಥವರು ನೌಕರಿಯಲ್ಲಿರುವಷ್ಟು ಕಾಲ ಅಡುಗೆಮನೆ ಕ್ಷೇಮವಾಗಿರುತ್ತದೆ. ಅವರು ನಿವೃತ್ತರಾಗಿ, ಅದೇ ಹೊತ್ತಿಗೆ ಮನೆಗೆ ಗಾಜಿನ ಮೇಲ್ಮೈಯ ಮೂರು ಬರ್ನರಿನ ಸ್ಟವ್ ಬಂತೆಂದರೆ ಅಡುಗೆ ಮಾಡುವವರ ನೆಮ್ಮದಿಗೆ ಅವತ್ತೇ ಕೊನೆ.

ಸದ್ಯಕ್ಕೆ ಇವರನ್ನು ರಾಯರು ಎನ್ನೋಣ. ಗೌಡರೂ ಆಗಬಹುದು, ಶೆಟ್ಟರೂ ಆಗಬಹುದು, ಹುಬ್ಬಳ್ಳಿಯಲ್ಲಾದರೆ ಪಾಟೀಲರು. ಜಯನಗರದ ಪ್ರತಿ ಬೀದಿಯಲ್ಲೂ ಒಬ್ಬರಾದರೂ ಸಿಗುತ್ತಾರೆ.

ಬಾಲ್ಯದಲ್ಲಿ ರಾಯರಿಗೆ ಈ ಚಿಂತೆ ಇರಲಿಲ್ಲ. ಊರಿನ ಮನೆಯಲ್ಲಿದ್ದದ್ದು ಮಣ್ಣಿನ ಕೋಡೊಲೆ. ಗಂಜಿ ಉಕ್ಕಿದರೆ ಅರ್ಧವನ್ನು ಮಣ್ಣು ಕುಡಿಯುತ್ತಿತ್ತು, ಅರ್ಧವನ್ನು ಬೂದಿ ಹೀರುತ್ತಿತ್ತು. ರಾತ್ರಿ ಅವರಮ್ಮ ಸೆಗಣಿ, ಕೆಮ್ಮಣ್ಣು ಕಲಸಿ ಸಾರಿಸಿ ಎರಡೆಳೆ ರಂಗೋಲಿ ಬಿಟ್ಟರೆ ಬೆಳಗಾಗುವ ಹೊತ್ತಿಗೆ ಒಲೆ ಹೊಸದು. ಆಮೇಲೆ ಬಂದದ್ದು ಸೀಮೆಎಣ್ಣೆಯ ಪಂಪ್ ಸ್ಟವ್; ಅದರ ಬಾಯಿಗೆ ಪಿನ್ನು ಚುಚ್ಚುವುದೇ ಒಂದು ಕೆಲಸವಾಗಿದ್ದರಿಂದ ಮೈ ಒರೆಸುವ ಮಾತು ಏಳಲಿಲ್ಲ. ಮದುವೆಯಾದ ಮೇಲೆ ಹೆಸರು ಬರೆಸಿ ವರ್ಷಗಟ್ಟಲೆ ಕಾದು ಗ್ಯಾಸ್ ಸಿಕ್ಕಿತು. ಎರಡು ಬರ್ನರಿನ ಆ ಸ್ಟೀಲ್ ಒಲೆಯ ಮೇಲೆ ಹಾಲು ಉಕ್ಕಿದೆ, ಹುಳಿ ಚೆಲ್ಲಿದೆ, ಒಬ್ಬಟ್ಟಿನ ಹೂರಣ ಸಿಡಿದು ಅಂಟಿದೆ. ಅದನ್ನೆಲ್ಲ ಅವರ ಮನೆಯವರು ಯಾವಾಗ ಉಜ್ಜುತ್ತಿದ್ದರೋ ರಾಯರಿಗೆ ತಿಳಿಯದು. ಆಗ ಅವರು ಆಫೀಸಿನಲ್ಲಿರುತ್ತಿದ್ದರು.

ಗಾಜಿನ ಒಲೆಯ ಜೊತೆ ಒಂದು ಪುಸ್ತಿಕೆ ಬಂತು. ಭಾರತದಲ್ಲಿ ಸ್ಟವ್ ಕೊಂಡು ಅದರ ಕೈಪಿಡಿಯನ್ನು ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದು ಈ ಜಾತಿಯ ಮನುಷ್ಯರು ಮಾತ್ರ. ಓದಿದ ಮೇಲೆ ಅವರು ಸುಮ್ಮನಿರುವುದಿಲ್ಲ, ಅದರ ಆಚೆಗೂ ಹೋಗುತ್ತಾರೆ. ಗಾಜನ್ನು ಆರುನೂರು ಡಿಗ್ರಿಗೂ ಮೇಲೆ ಕಾಯಿಸಿ, ಗಾಳಿ ಊದಿ ಸರ್ರನೆ ತಣಿಸಿದಾಗ ಹೊರಮೈ ಬಿಗಿದುಕೊಂಡು ಒಳಗಡೆ ಸೆಳೆತ ಉಳಿಯುತ್ತದೆ; ಟಫನ್ಡ್ ಗ್ಲಾಸಿನ ಗಟ್ಟಿತನದ ಗುಟ್ಟು ಅದೇ, ಒಡೆದಾಗ ಸಕ್ಕರೆ ಅಚ್ಚಿನ ಚೂರುಗಳಂತೆ ಒಟ್ಟಿಗೇ ಪುಡಿಯಾಗುವ ಗುಟ್ಟೂ ಅದೇ. ನಡುವೆ ಪೆಟ್ಟು ತಡೆಯುತ್ತದೆ, ಅಂಚಿಗೆ ಬಿದ್ದರೆ ಕಷ್ಟ. ಇಷ್ಟು ತಿಳಿದ ದಿನದಿಂದ ಕುಕ್ಕರನ್ನು ಒಲೆಯ ಮೇಲಿಡುವ ಸದ್ದು ಕೇಳಿದರೆ ಸಾಕು, ರಾಯರು ಪೇಪರು ಮಡಿಸಿಟ್ಟು ಎದ್ದು ಬರುತ್ತಾರೆ.

"ಮೆಲ್ಲಗೇ... ಅಂಚು, ಅಂಚು!"

"ರೀ, ಅಂಚೂ ಇಲ್ಲ ಸೆರಗೂ ಇಲ್ಲ. ಆಚೆ ಹೋಗಿ."

ಮೊದಲ ರಕ್ಷಣಾ ಕವಚ ಆ ಪೇಪರೇ. ಬರ್ನರುಗಳ ಸುತ್ತ ಸರಿಯಾಗಿ ಕತ್ತರಿಸಿ ಹಾಸಿದರು. ಎಣ್ಣೆ ಕುಡಿದ ಪೇಪರು, ಒಂದಂಗುಲ ಮೇಲೆ ಬೆಂಕಿ: ಮುಂದೇನಾಯಿತೆಂದು ಬಿಡಿಸಿ ಹೇಳಬೇಕಾಗಿಲ್ಲ. ಮನೆಯವರು ಒದ್ದೆ ಮಸಿಬಟ್ಟೆ ಎಸೆದು ಆರಿಸಿದರು. ಎರಡನೆಯದು ಅಲ್ಯೂಮಿನಿಯಂ ಫಾಯಿಲ್. ನೋಡಲು ಒಲೆಗೆ ಬೆಳ್ಳಿಕವಚ ತೊಡಿಸಿದಂತಿತ್ತು, ರಾಯರೇ ಎರಡು ಫೋಟೊ ತೆಗೆದುಕೊಂಡರು. ಮೂರನೆಯ ದಿನ ಪಾತ್ರೆಗಳ ತಳವೆಲ್ಲ ಮಸಿ. ಗ್ಯಾಸು ಉರಿಯುವುದಕ್ಕೆ ಸಾಕಷ್ಟು ಗಾಳಿ ಬೇಕು. ಬರ್ನರಿನ ಬುಡವನ್ನು ಬಿಗಿಯಾಗಿ ಸುತ್ತಿಬಿಟ್ಟರೆ ಗಾಳಿ ಸಾಲದೆ ನೀಲಿ ಉರಿ ಹಳದಿಯಾಗುತ್ತದೆ, ಮಸಿ ಕೂರುತ್ತದೆ, ಮುಚ್ಚಿದ ಅಡುಗೆಮನೆಯಲ್ಲಾದರೆ ಇಂಗಾಲದ ಮೊನಾಕ್ಸೈಡಿನ ಅಪಾಯವೂ ಸೇರಿಕೊಳ್ಳುತ್ತದೆ. ಒಲೆ ಫಳಫಳ, ಪಾತ್ರೆ ಕಪ್ಪು. ಪಾತ್ರೆ ಉಜ್ಜುವುದು ತಮ್ಮ ಇಲಾಖೆಯಲ್ಲವಾದ್ದರಿಂದ ರಾಯರ ಲೆಕ್ಕದಲ್ಲಿ ಇದು ಮುಕ್ಕಾಲುಪಾಲು ಗೆಲುವೇ.

ಮೂರನೆಯದಾಗಿ ಮಗ ಆನ್‌ಲೈನಿನಲ್ಲಿ ತರಿಸಿಕೊಟ್ಟ ಕರಿಯ ಹಾಸುಗಳು ಬಂದವು, ನಡುವೆ ಬರ್ನರಿಗೆ ತೂತು ಇರುವಂಥವು. ಗಾಜಿನ ಎಳೆಗೆ ಟೆಫ್ಲಾನ್ ಬಳಿದು ಮಾಡಿದ ಇವು 260 ಡಿಗ್ರಿಯ ತನಕ ತಾಳುತ್ತವೆ. ಗ್ಯಾಸಿನ ಉರಿ ಸಾವಿರ ಡಿಗ್ರಿಯನ್ನು ಸಲೀಸಾಗಿ ದಾಟುತ್ತದೆ. ಹಾಸು ಉರಿಯಿಂದ ದೂರವಿದ್ದರೆ ಚಿಂತೆಯಿಲ್ಲ. ಸುರುಟಿ ಒಳಗೆ ಸರಿದರೆ ಕಂಟು ಹೊಗೆ, ಅದು ಉಸಿರಿಗೆ ಒಳ್ಳೆಯದಲ್ಲ. ಆದರೆ ರಾಯರನ್ನು ಕಾಡಿದ್ದು ಹೊಗೆಯಲ್ಲ. ಹಾಸಿನ ಮೇಲೆ ಸಾರಿನ ಕಲೆ ಬಿದ್ದದ್ದು ಕಂಡು, ಹಾಸು ಕೆಡದಂತೆ ಅದರ ಮೇಲೆ ಹಾಸಲು ಏನಾದರೂ ಸಿಗುತ್ತದೆಯೇ ಎಂದು ಅಂಗಡಿಯಲ್ಲಿ ವಿಚಾರಿಸಿ ಬಂದರು.

ಕವಚಗಳೆಲ್ಲ ಕೈಕೊಟ್ಟ ಮೇಲೆ ಉಳಿದದ್ದು ಪಹರೆ. ಬೆಳಿಗ್ಗೆ ನಂದಿನಿಯ ನೀಲಿ ಪ್ಯಾಕೆಟ್ ಕತ್ತರಿಸಿ ಪಾತ್ರೆಗೆ ಸುರಿದ ಕ್ಷಣದಿಂದ ರಾಯರು ಒಲೆಯ ಮುಂದೆ ಕೈಕಟ್ಟಿ ನಿಲ್ಲುತ್ತಾರೆ. ಹಾಲಿನ ತಂತ್ರ ಅವರಿಗೆ ಗೊತ್ತು. ಬಿಸಿಯೇರಿದಂತೆ ಪ್ರೋಟೀನೂ ಕೊಬ್ಬೂ ಸೇರಿ ಮೇಲೊಂದು ಕೆನೆಯ ಪದರ ಕಟ್ಟುತ್ತವೆ. ತಳದಿಂದೇಳುವ ಆವಿಯ ಗುಳ್ಳೆಗಳಿಗೆ ಹೊರದಾರಿ ಸಿಗದೆ ನೊರೆಯಾಗಿ ಪದರವನ್ನೇ ಎತ್ತಿಕೊಂಡು ಬರುತ್ತವೆ. ನೀರು ಕುದಿದರೆ ಕುದಿಯುತ್ತಲೇ ಇರುತ್ತದೆ, ಹಾಲಿಗೆ ಮಾತ್ರ ಪಾತ್ರೆ ಬಿಟ್ಟೋಡುವ ಚಾಳಿ. ಅದರಲ್ಲೂ 900 ಮೀಟರಿಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆಂದು ಎಲ್ಲೋ ಓದಿದವರು, ಮಂಗಳೂರಿನ ತಂಗಿಗೆ ಫೋನ್ ಮಾಡಿ "ನಿಮ್ಮಲ್ಲಿ ಹಾಲಿಗೆ ಮೂರು ಡಿಗ್ರಿ ವಾಯಿದೆ ಸಿಗುತ್ತಮ್ಮಾ, ನಮಗೆ ಆ ಭಾಗ್ಯ ಇಲ್ಲ" ಎಂದು ಕೊರಗಿದ್ದುಂಟು. ಇಷ್ಟೆಲ್ಲ ಬಲ್ಲವರು ಹತ್ತು ನಿಮಿಷ ರೆಪ್ಪೆ ಮಿಟುಕಿಸದೆ ನಿಂತಿದ್ದು, ಯಾರೋ ಗೇಟು ತೆರೆದ ಸದ್ದಿಗೆ ತಿರುಗುತ್ತಾರೆ. ಹಾಲು ಕಾಯುತ್ತಿದ್ದುದೂ ಅದಕ್ಕೇ.

ಒಗ್ಗರಣೆಯದು ಇನ್ನೊಂದು ಸಮರ. ಸಾಸಿವೆ ಸಿಡಿಯುವುದು ಅದರೊಳಗಿನ ತೇವ ಆವಿಯಾಗಿ ಸಿಪ್ಪೆ ಸೀಳುವುದರಿಂದ. ಆದರೆ ನಿಜವಾದ ಉಪದ್ರವಿ ಕರಿಬೇವು. ತೊಳೆದ ಎಲೆಯ ಮೇಲಿನ ಹನಿ ಎಣ್ಣೆಗಿಂತ ಭಾರ, ಕೆಳಗಿಳಿಯುತ್ತದೆ, ಇಳಿದೊಡನೆ ಆವಿಯಾಗಿ ಸಾವಿರದ ಆರುನೂರು ಪಟ್ಟಿಗೂ ಹೆಚ್ಚು ಹಿಗ್ಗುತ್ತದೆ. ಒಂದು ಟೀ ಚಮಚ ನೀರು ಎಂಟು ಲೀಟರ್ ಆವಿಯಾಗುತ್ತದೆ, ಮೇಲಿದ್ದ ಎಣ್ಣೆಯನ್ನು ಗೋಡೆಗೆ, ಗಾಜಿಗೆ, ರಾಯರ ಕನ್ನಡಕಕ್ಕೆ ಹಂಚುತ್ತದೆ. ಹಾಗಾಗಿ ಈಗ ಅವರ ಮನೆಯಲ್ಲಿ ಕರಿಬೇವನ್ನು ಎಲೆ ಎಲೆಯಾಗಿ ಟವೆಲಿನಲ್ಲಿ ಒರೆಸಲಾಗುತ್ತದೆ. ಇದು ಒಳ್ಳೆಯ ಅಭ್ಯಾಸವೇ, ಒಪ್ಪಲೇಬೇಕು. ಒರೆಸಿದ್ದಾಯಿತೆಂದು ರಾಯರು ಹೇಳುವ ಹೊತ್ತಿಗೆ ಸಾಸಿವೆ ಸೀದಿರುತ್ತದೆ ಎಂಬುದಷ್ಟೇ ತೊಡಕು.

ಕುಕ್ಕರಿನ ವಿಷಯದಲ್ಲಿ ಅವರು ಗೆದ್ದಿದ್ದಾರೆ. ತೊಗರಿಬೇಳೆಯ ನೊರೆ ಸೀಟಿಯ ಜೊತೆ ಚಿಮ್ಮಿ ಒಲೆಗೆಲ್ಲ ಹಳದಿ ಬಳಿಯುವುದನ್ನು ತಡೆಯಲು ಬೇಳೆಗೆ ಒಂದು ಚಮಚ ಎಣ್ಣೆ ಹಾಕಿ, ಅರ್ಧಕ್ಕಿಂತ ಹೆಚ್ಚು ತುಂಬದೆ, ಉರಿ ಸಣ್ಣ ಮಾಡಬೇಕೆಂದು ಕಂಡುಹಿಡಿದು ಮನೆಯವರಿಗೆ ವಿವರಿಸಿದರು. ಮೂವತ್ತೈದು ವರ್ಷಗಳಿಂದ ಹಾಗೆಯೇ ಮಾಡುತ್ತ ಬಂದ ಅವರು "ಹೌದಾ?" ಎಂದರು.

ಬಜ್ಜಿ, ಬೋಂಡ, ಚಕ್ಕುಲಿಗಳಿಗೆ ಅನುಮತಿ ನಿಂತು ಹೋಗಿದೆ. ಮೈಸೂರು ಪಾಕಿನ ಹೆಸರೆತ್ತುವಂತಿಲ್ಲ; ಕಡಲೆಹಿಟ್ಟಿಗೆ ಕಾದ ತುಪ್ಪ ಹುಯ್ಯುವಾಗ ಪಾಕದ ನೀರು ಆವಿಯಾಗಿ ಬುರಬುರನೆ ಏಳುವ ನೊರೆಯನ್ನು ಅವರು ಒಮ್ಮೆ ಕಣ್ಣಾರೆ ನೋಡಿದ್ದಾರೆ. "ಬಜ್ಜಿ ಬೇಕಾದ್ರೆ ಹೋಟೆಲಿಗೆ ಹೋಗೋಣ ಕಣೇ. ಅಲ್ಲಿ ಒಲೆ ನಮ್ಮದಲ್ಲವಲ್ಲ!"

ಒಲೆಯ ಮೇಲೆ ಕೂತ ಜಿಡ್ಡು ಸೋಪಿಗೂ ಬಗ್ಗದಿರುವುದೇಕೆಂದು ಸಂಶೋಧಿಸಲು ಹೊರಟದ್ದರಿಂದ ಮಾತ್ರ ದೊಡ್ಡ ಅನಾಹುತವಾಯಿತು. ಕಾದ ಎಣ್ಣೆಯ ಕಣಗಳು ಗಾಳಿಯ ಆಮ್ಲಜನಕದೊಡನೆ ಸೇರಿ ಒಂದಕ್ಕೊಂದು ಕೊಂಡಿ ಹಾಕಿಕೊಂಡು ಗಟ್ಟಿ ಪದರವಾಗುತ್ತವೆ. ಚಿತ್ರಕಾರರು ಬಳಸುವ ಅಗಸೆ ಎಣ್ಣೆ ಒಣಗುವುದೂ ಇದೇ ಕ್ರಮದಲ್ಲಿ. ಸೂರ್ಯಕಾಂತಿ ಎಣ್ಣೆಗೆ ಈ ಗುಣ ಹೆಚ್ಚು, ತೆಂಗಿನೆಣ್ಣೆಗೆ ಕಡಿಮೆ. ತಂಗಿಯ ಮನೆಯ ಒಲೆ ಅಷ್ಟಾಗಿ ಅಂಟಂಟಾಗದಿರುವುದಕ್ಕೆ ಕಾರಣ ಸಿಕ್ಕಿದ್ದಕ್ಕೆ ರಾಯರು ಮತ್ತೊಂದು ಫೋನ್ ಮಾಡಿದರು. ಫೋನಿಟ್ಟವರ ಕಣ್ಣು ಗೋಡೆಗೆ ಒರಗಿಸಿಟ್ಟಿದ್ದ ಕಬ್ಬಿಣದ ದೋಸೆ ಕಾವಲಿಯ ಮೇಲೆ ಬಿತ್ತು. ಅದರ ಮೇಲೆ ದಶಕಗಳ ಕರಿ ಪದರ. ಅತ್ತೆಯ ಕಾಲದಿಂದ ಬಂದ ಕಾವಲಿ, ಈರುಳ್ಳಿ ಅರ್ಧ ಹೋಳಿನಿಂದ ಎಣ್ಣೆ ಸವರಿ ಸವರಿ ಪಳಗಿಸಿದ್ದು. ದೋಸೆ ಹಾಳೆಯಂತೆ ಏಳುವುದು ಆ ಪದರದ ದೆಸೆಯಿಂದಲೇ, ಮತ್ತು ಅದು ಒಲೆಯ ಜಿಡ್ಡಿನ ಒಡಹುಟ್ಟು. ರಾಯರು ಒಡಹುಟ್ಟಿನವರೆಗೆ ಸರಿಯಾಗಿ ತಿಳಿದುಕೊಂಡರು. ಅಲ್ಲಿಂದ ಮುಂದೆ ಸ್ಟೀಲ್ ನಾರು ತೆಗೆದುಕೊಂಡು, ಮನೆಯವರು ದೇವಸ್ಥಾನದಿಂದ ಬರುವುದರೊಳಗೆ ಕಾವಲಿಯನ್ನು ಬೆಳ್ಳಗೆ ಉಜ್ಜಿ ಬಿಸಿಲಿಗಿಟ್ಟರು.

ಆ ವಾರ ಮನೆಯಲ್ಲಿ ದೋಸೆ ಇರಲಿಲ್ಲ. ಮಾತೂ ಇರಲಿಲ್ಲ.

ಮನಸ್ತಾಪ ಕರಗಿದ ಮೇಲೆ ದ್ರಾವಣಗಳ ಕಾಲ ಶುರುವಾಯಿತು. ಮೊಬೈಲಿನಲ್ಲಿ ಬಂದ ವಿಡಿಯೋ ಪ್ರಕಾರ ಅಡುಗೆ ಸೋಡಾ ಚೆಲ್ಲಿ ಅದರ ಮೇಲೆ ನಿಂಬೆರಸ ಹಿಂಡಿದರು. ನೊರೆ ಬಂದದ್ದು ಕಂಡು ಮೊಮ್ಮಗ ಚಪ್ಪಾಳೆ ಹೊಡೆದ. ನೊರೆಯಲ್ಲಿರುವುದು ಇಂಗಾಲದ ಡೈಆಕ್ಸೈಡ್ ಅಷ್ಟೇ. ಜಿಡ್ಡು ಬಿಡಿಸಬೇಕಾದ ಕ್ಷಾರವನ್ನು ಹುಳಿ ತಿಂದುಹಾಕಿ, ಹುಳಿಯನ್ನು ಕ್ಷಾರ ತಿಂದುಹಾಕಿ, ಕೊನೆಗೆ ಮಿಕ್ಕಿದ್ದು ಉಪ್ಪುನೀರಿನಂಥದ್ದು. ಕೆಲಸದ ಹೆಂಗಸು ಬಂದವಳು, "ಸಾರ್, ಒಂದು ನಿಂಬೆಹಣ್ಣು ದಂಡ" ಎಂದು, ಸೋಡಾವನ್ನಷ್ಟೇ ನೀರಲ್ಲಿ ಕಲಸಿ ಬಳಿದು, ಅರ್ಧ ಗಂಟೆ ಬಿಟ್ಟು, ಒದ್ದೆ ಬಟ್ಟೆಯಲ್ಲಿ ಎಳೆದಳು. ಕಲೆ ಹೋಯಿತು. ಒಲೆ ಒರೆಸುವ ಸಾಮರ್ಥ್ಯವೆಲ್ಲ ಈ ಮನೆಯಲ್ಲಿ ಬಾಯಿ ಬಿಡದವರ ಬಳಿಯೇ ಇದೆ. ಮನೆಯವರ ಪದ್ಧತಿಯಂತೂ ಇನ್ನೂ ಸರಳ: ದೊಡ್ಡ ಪಾತ್ರೆ, ಸಣ್ಣ ಉರಿ, ಹಾಲಿನ ಮೇಲೊಂದು ಮರದ ಸೌಟು ಅಡ್ಡ, ಚೆಲ್ಲಿದ್ದನ್ನು ಒಲೆ ಬೆಚ್ಚಗಿರುವಾಗಲೇ ಹಿಂಡಿದ ಬಟ್ಟೆಯಿಂದ ಒಂದು ಸಲ. ಕಾದ ಗಾಜಿನ ಮೇಲೆ ತಣ್ಣೀರು ಸುರಿಯುವುದಿಲ್ಲ. ಕೈಪಿಡಿಯನ್ನು ಅವರು ತೆರೆದೂ ನೋಡಿಲ್ಲ.

ಮೊನ್ನೆ ಮಗ ವೈಟ್‌ಫೀಲ್ಡ್ ಕಡೆ ಫ್ಲ್ಯಾಟು ಕೊಂಡ. ಗೃಹಪ್ರವೇಶ. ಕಟ್ಟೆಯಲ್ಲಿ ಹೂತ ನಾಲ್ಕು ಬರ್ನರಿನ ಕರಿಗಾಜಿನ ಹೊಸ ಒಲೆಗೆ ಅರಿಶಿನ ಕುಂಕುಮ ಹಚ್ಚಿ, ಸೊಸೆ ಹಾಲಿನ ಪಾತ್ರೆ ಇಟ್ಟಳು. ಪುರೋಹಿತರು ಮಂತ್ರ ಹೇಳುತ್ತಿದ್ದರು, ನೆಂಟರಿಷ್ಟರು ಕತ್ತು ಚಾಚಿ ನಿಂತಿದ್ದರು. ನೊರೆ ಏರಿತು, ಅಂಚಿಗೆ ಬಂತು, ಇನ್ನೇನು ಉಕ್ಕಬೇಕು. ಎಲ್ಲಿಂದಲೋ ಬಂದ ಕೈಯೊಂದು ಟಕ್ಕನೆ ಗುಂಡಿ ತಿರುಗಿಸಿತು. ಎರಡು ವರ್ಷದ ತಾಲೀಮು, ಸುಳ್ಳಾದೀತೆ?

"ಅಯ್ಯೋ ರಾಯರೇ, ಉಕ್ಕಬೇಕು, ಉಕ್ಕಲೇಬೇಕು!" ಪುರೋಹಿತರು ಮಂತ್ರ ನಿಲ್ಲಿಸಿ ಕೂಗಿದರು.

ಮತ್ತೆ ಹಚ್ಚಿದರು. ಮತ್ತೆ ನೊರೆ ಏರಿತು. ಈ ಸಲ ಮನೆಯವರು ರಾಯರ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದರು. ಗಂಡ ಹೆಂಡಿರು ಕೈಹಿಡಿದು ನಿಂತದ್ದು ಕಂಡು ಯಾರೋ ವಿಡಿಯೋ ಮಾಡಿಕೊಂಡರು. ಹಾಲು ಪೂರ್ವಕ್ಕೆ ಉಕ್ಕಿತು, ಎಲ್ಲರಿಗೂ ಸಂತೋಷವಾಯಿತು. ಆಶೀರ್ವಾದದ ಮಂತ್ರ ಮುಗಿಯುವುದರೊಳಗೆ ಒಲೆ ಒಣಗಿತ್ತು, ರಾಯರ ಹೊಸ ಉತ್ತರೀಯ ಒದ್ದೆಯಾಗಿತ್ತು.

ಮೂರು ತಿಂಗಳ ಮೇಲೆ ಇಬ್ಬರೂ ಮಗನ ಮನೆಗೆ ಹೋದರು. ಚಪ್ಪಲಿ ಬಿಟ್ಟವರೇ ರಾಯರು ನೇರ ಅಡುಗೆಮನೆಗೆ. ಗಾಜಿನಲ್ಲಿ ಮುಖ ಕಾಣುತ್ತಿತ್ತು. ಚಿಮಣಿಯ ಬಾಯಿಗೆ ಅಂಟಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಹಾಗೇ ಇತ್ತು.

"ನೋಡೇ! ಇಟ್ಟುಕೊಂಡ್ರೆ ಹೀಗಿಟ್ಟುಕೋಬೇಕು!"

"ನೋಡಿದೆ. ಮಧ್ಯಾಹ್ನ ಊಟಕ್ಕೇನಂತೆ ಕೇಳಿ."

ಊಟ ಬಾಗಿಲಿಗೆ ಬಂತು, ಪಾರ್ಸೆಲ್ಲಿನಲ್ಲಿ. ಸಾಂಬಾರಿನ ಪ್ಲಾಸ್ಟಿಕ್ ಪೊಟ್ಟಣಕ್ಕೆ ಹೋಟೆಲಿನವರು ಹಾಕಿದ್ದ ದಾರದ ಗಂಟು ಬಿಚ್ಚಲಾಗದೆ ಮಗ ಕತ್ತರಿ ಹಿಡಿದು ಬಂದ. ಎಲ್ಲಿಟ್ಟು ಕತ್ತರಿಸುವುದೆಂಬ ಪ್ರಶ್ನೆ ಎದ್ದಿತು. ರಾಯರು ಕಟ್ಟೆಯ ಮೇಲೆ ಬೆರಳಾಡಿಸಿ ನೋಡಿದರು. ನುಣುಪಾದ ಹೊಸ ಗ್ರಾನೈಟ್.

"ಇಲ್ಲಿ ಬೇಡಪ್ಪಾ, ಕಲ್ಲು ಎಣ್ಣೆ ಹೀರುತ್ತೆ. ಗಾಜು ಹೀರಲ್ಲ. ಸ್ಟವ್ ಮೇಲಿಟ್ಟು ಕತ್ತರಿಸು."