ಪಿಸಿಎಂ ಎಷ್ಟು?

ಏಪ್ರಿಲ್ ಬಂತೆಂದರೆ ನಮ್ಮ ಹಲಸೂರಿನಲ್ಲಿ ಯಾರೂ ಯಾರ ಆರೋಗ್ಯವನ್ನೂ ವಿಚಾರಿಸುವುದಿಲ್ಲ. ಮಂಡಿನೋವು, ಶುಗರ್ರು, ಟ್ಯಾಂಕರ್ ನೀರಿನ ರೇಟು ಎಲ್ಲವೂ ಜೂನ್‌ವರೆಗೆ ತೆಪ್ಪಗೆ ಬಿದ್ದಿರಬೇಕು. ಸೋಮೇಶ್ವರನ ಗುಡಿಯ ಹತ್ತಿರ ಹೂ ಮಾರುವ ಅಮ್ಮ ಮಲ್ಲಿಗೆಯನ್ನು ಮೊಳ ಹಾಕುತ್ತಲೇ, ‘ಏನ್ ಸಾರ್, ನಿಮ್ಮನೆ ಪಾಪಾ ಸೆಕೆಂಡ್ ಪಿಯುಸಿ ಅಲ್ವಾ, ಎಷ್ಟು ಬಂತು?’ ಎನ್ನುತ್ತಾರೆ. ರಸೆಲ್ ಮಾರ್ಕೆಟ್ಟಿನಲ್ಲಿ ಸಪೋಟ ತೂಗುವ ಸಾಬರದು ಮಾತ್ರ ಬೇರೆ ವರಸೆ. ಅವರ ಮಗ ಈಗಾಗಲೇ ಎಂಜಿನಿಯರಿಂಗ್ ಓದುತ್ತಿದ್ದಾನೆ. ಅವರು ತಕ್ಕಡಿಯಿಂದ ಕಣ್ಣು ತೆಗೆಯದೆ ಕೇಳಿದರು: ‘ಟೋಟಲ್ ಬಿಡಿ ಸಾರ್. ಪಿಸಿಎಂ ಎಷ್ಟು?’

ಟೋಟಲ್ ಕೇಳುವವರು ಮುಗ್ಧರು. ಪಿಸಿಎಂ ಕೇಳುವವರು ಒಮ್ಮೆ ಸುಟ್ಟುಕೊಂಡವರು.

2025ರಲ್ಲಿ ನನ್ನ ಅಕ್ಕನ ಮಗಳ ಫಲಿತಾಂಶ ಬಂದ ದಿನ ನಮ್ಮ ಮನೆಯಲ್ಲಿ ಎರಡೂ ಪಂಗಡದವರಿದ್ದರು. ಅಕ್ಕ ಭಾವ ಕೆ.ಆರ್. ಪುರದಲ್ಲಿರುವವರು. ‘ನಮ್ಮನೆ ಇಂಟರ್ನೆಟ್ ನಂಬೋಕಾಗಲ್ಲ’ ಎಂದು ಬೆಳಗ್ಗೆಯೇ ಮೆಟ್ರೊ ಹತ್ತಿ ಹಲಸೂರಿಗೆ ಬಂದಿಳಿದಿದ್ದರು. ಮಲ್ಲೇಶ್ವರದಲ್ಲಿ ಮಂತ್ರಿಗಳು ಪತ್ರಿಕಾಗೋಷ್ಠಿ ಮುಗಿಸಿದ ಕೂಡಲೇ ಇಡೀ ಕರ್ನಾಟಕ ಒಂದೇ ವೆಬ್‌ಸೈಟಿನ ಬಾಗಿಲು ಬಡಿಯುತ್ತದೆ. ಭಾವ ರಿಜಿಸ್ಟರ್ ನಂಬರು ಒತ್ತಿ ಒತ್ತಿ ಬೆರಳು ನೋಯಿಸಿಕೊಳ್ಳುತ್ತಿದ್ದಾಗ ಹುಡುಗಿ ಮೂಲೆಯಲ್ಲಿ ಕೂತು ತನ್ನ ಫೋನಿನಲ್ಲೇ ನೋಡಿ ಮುಗಿಸಿದ್ದಳು. 600ಕ್ಕೆ 563. ಅಕ್ಕ ಅತ್ತಳು, ಅಮ್ಮ ದೇವರ ಮುಂದೆ ತುಪ್ಪದ ದೀಪ ಹಚ್ಚಿದಳು, ನಾನು ಸ್ವೀಟ್ ತರಲು ಚಪ್ಪಲಿ ಮೆಟ್ಟಿದೆ.

ಅಷ್ಟರಲ್ಲಿ ಮೇಲಿನ ಮಹಡಿಯ ಐಟಿಐ ಅಂಕಲ್ ಇಳಿದು ಬಂದರು. ದೂರವಾಣಿನಗರದ ಐಟಿಐ ಕಾರ್ಖಾನೆಯಲ್ಲಿ ಟೆಲಿಫೋನ್ ಎಕ್ಸ್‌ಚೇಂಜುಗಳ ನಡುವೆ ಆಯುಷ್ಯ ಕಳೆದವರು. ಈಗ ಕೈಯಲ್ಲಿ ಕೆಲಸವಿಲ್ಲ, ಕ್ಯಾಲ್ಕುಲೇಟರ್ ಇದೆ. ಸೋಫಾದ ಮೇಲೆ ಕೂತವರೇ ಹುಡುಗಿಯ ಅಂಕಪಟ್ಟಿಯನ್ನು ಸಿಪ್ಪೆ ಸುಲಿಯಲು ಶುರುಮಾಡಿದರು. ಕನ್ನಡ 98. ‘ಇದು ಬರಲ್ಲ.’ ಇಂಗ್ಲಿಷ್ 92. ‘ಇದೂ ಬರಲ್ಲ.’ ಕಂಪ್ಯೂಟರ್ ಸೈನ್ಸ್ 96. ಇವಳು ಓದಬೇಕೆಂದಿರುವುದೇ ಕಂಪ್ಯೂಟರ್ ಸೈನ್ಸು, ಇದಾದರೂ ಬರಬೇಕಲ್ಲ ಎಂದು ಅಕ್ಕ ಆಸೆಯಿಂದ ನೋಡಿದಳು. ಅಂಕಲ್ ಅದನ್ನೂ ಹೊಡೆದುಹಾಕಿದರು. ಉಳಿದದ್ದು ಫಿಸಿಕ್ಸ್ 91, ಕೆಮಿಸ್ಟ್ರಿ 89, ಮ್ಯಾಥ್ಸ್ 97. ಇದೇ ಪಿಸಿಎಂ, ಒಟ್ಟು 277. ಹತ್ತು ನಿಮಿಷದ ಹಿಂದೆ 563 ಇದ್ದ ಹುಡುಗಿ ಕಣ್ಣೆದುರಿಗೇ ಅರ್ಧಕ್ಕಿಂತ ಕಡಿಮೆಯಾದಳು. ಮೆಟ್ಟಿದ್ದ ಚಪ್ಪಲಿಯನ್ನು ನಾನು ಮೆಲ್ಲಗೆ ಬಿಟ್ಟೆ.

‘ಇನ್ನೂ ಮುಗಿದಿಲ್ಲ’ ಎಂದರು ಅಂಕಲ್. ‘ಇದರಲ್ಲೂ ಅರ್ಧ.’

ಗೊತ್ತಿಲ್ಲದವರಿಗಾಗಿ ಹೇಳಿಬಿಡುತ್ತೇನೆ. ಕರ್ನಾಟಕದಲ್ಲಿ ಎಂಜಿನಿಯರಿಂಗ್ ರ್ಯಾಂಕ್ ಕಟ್ಟುವಾಗ ಪಿಯುಸಿಯ ಈ ಮೂರು ವಿಷಯಕ್ಕೆ ಶೇ 50, ಸಿಇಟಿ ಎಂಬ ಪ್ರವೇಶ ಪರೀಕ್ಷೆಗೆ ಶೇ 50. ಪಿಯುಸಿಯಲ್ಲಿ ಮೂರೂ ಸೇರಿ 300, ಸಿಇಟಿಯಲ್ಲಿ ತಲಾ 60ರಂತೆ 180. ಎರಡನ್ನೂ ಶೇಕಡಾಕ್ಕಿಳಿಸಿ ಸಮಪಾಲು ಕೂಡಿಸುತ್ತಾರೆ. ಅಂಕಲ್ ಕ್ಯಾಲ್ಕುಲೇಟರಿನಲ್ಲಿ 300ನ್ನು 180ರಿಂದ ಭಾಗಿಸಿ ಕಣ್ಣರಳಿಸಿದರು. ಸಿಇಟಿಯ ಮೂರು ಅಂಕ ಪಿಯುಸಿಯ ಐದು ಅಂಕಕ್ಕೆ ಸಮ! ಅಂದರೆ ಹುಡುಗಿ ವರ್ಷವಿಡೀ ರೆಕಾರ್ಡು ಬರೆದು, ಡೆರಿವೇಶನ್ ಉರುಹೊಡೆದು, ಅಂಡರ್‌ಲೈನ್ ಎಳೆದು ಗಳಿಸಿದ ಐದು ಅಂಕ, ಸಿಇಟಿ ಹಾಲಿನಲ್ಲಿ ಕಣ್ಣುಮುಚ್ಚಿ ‘ಸಿ’ ಎಂದು ಗುಂಡಗೆ ಕಪ್ಪು ಮಾಡಿದ ಮೂರು ಉತ್ತರಕ್ಕೆ ಸಮ. ತಪ್ಪಿಗೆ ಅಲ್ಲಿ ಅಂಕ ಕಳೆಯುವುದೂ ಇಲ್ಲ. ‘ಹಂಗಾದ್ರೆ ದೇವರಿಗೆ ಹೇಳಿಕೊಳ್ಳೋದನ್ನ ಸಿಇಟಿಗೇ ಇಟ್ಕೋಬೇಕಿತ್ತು’ ಎಂದಳು ಅಮ್ಮ, ದೀಪದ ಬತ್ತಿ ತಗ್ಗಿಸುತ್ತ.

ಆ ವರ್ಷ ಫಲಿತಾಂಶ ಬಂದದ್ದು ಏಪ್ರಿಲ್ 8ಕ್ಕೆ, ಸಿಇಟಿ ಇದ್ದದ್ದು 16 ಮತ್ತು 17ಕ್ಕೆ. ನಡುವಿನ ವಾರ ನಮ್ಮ ಮನೆಯ ಪರಿಸ್ಥಿತಿ ಸೂತಕದ್ದೂ ಅಲ್ಲ, ಸಂಭ್ರಮದ್ದೂ ಅಲ್ಲ. ಕೊನೆಗೂ ತಂದಿದ್ದ ಮೈಸೂರುಪಾಕಿನ ಡಬ್ಬಿಯನ್ನು ಅಕ್ಕ ಫ್ರಿಜ್ಜಿನ ಹಿಂದಕ್ಕೆ ತಳ್ಳಿದಳು. ಎದುರುಮನೆ ಆಂಟಿ ಮಾತ್ರ ದೇವರ ಲೆಕ್ಕದಲ್ಲೂ ಅರ್ಧಕ್ಕರ್ಧ ಸೂತ್ರ ಪಾಲಿಸಿದ್ದರು. ಅವರ ಮಗನ ಪಿಯುಸಿಗೆ ಸೋಮೇಶ್ವರನಿಗೆ ಅಭಿಷೇಕ, ಸಿಇಟಿಗೆ ಶಿವಾಜಿನಗರದ ಸೇಂಟ್ ಮೇರಿ ಬೆಸಿಲಿಕಾದಲ್ಲಿ ಮೇಣದಬತ್ತಿ. ಹಾಲ್ ಟಿಕೆಟ್ಟಿನ ಜೆರಾಕ್ಸ್ ಎರಡೂ ಕಡೆ ಹೋಗಿಬಂದಿತ್ತು. ನಮ್ಮ ದಂಡು ಪ್ರದೇಶದಲ್ಲಿ ಇದರಲ್ಲೇನೂ ವಿಶೇಷವಿಲ್ಲ. ಪರೀಕ್ಷೆಯ ವಿಷಯಕ್ಕೆ ಬಂದರೆ ಇಲ್ಲಿನವರು ಯಾವ ದೇವರಿಗೂ ಬೇಸರ ಮಾಡುವುದಿಲ್ಲ.

ಅಂಕಲ್‌ಗೆ ಸಿಇಟಿ ಕಂಡರಾಗದು. ‘ನಮ್ಮ ಕಾಲದಲ್ಲಿ ಪಿಯುಸಿ ಮಾರ್ಕ್ಸ್ ಕಾರ್ಡ್ ತೋರಿಸಿದ್ರೆ ಮುಗೀತು. ವಿಶ್ವೇಶ್ವರಯ್ಯನವರು ಸಿಇಟಿ ಬರೆದಿದ್ರೇನ್ರಿ?’ ಎಂಬುದು ಅವರ ಬ್ರಹ್ಮಾಸ್ತ್ರ. ಅದು ನಿಜವೇ. ವಿಶ್ವೇಶ್ವರಯ್ಯ ಓದಿದ ಸೆಂಟ್ರಲ್ ಕಾಲೇಜು ಆಗ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಸೇರಿತ್ತು. 1881ರಲ್ಲಿ ಅಲ್ಲಿಂದ ಬಿಎ ಮುಗಿಸಿದ ಹುಡುಗ ಎಂಜಿನಿಯರಿಂಗ್ ಓದಲು ಪುಣೆಗೇ ಹೋಗಬೇಕಾಯಿತು. ಮೈಸೂರು ವಿಶ್ವವಿದ್ಯಾನಿಲಯ ಹುಟ್ಟಿದ್ದು 1916ರಲ್ಲಿ, ಬೆಂಗಳೂರಿನ ಎಂಜಿನಿಯರಿಂಗ್ ಕಾಲೇಜು, ಇಂದಿನ ಯುವಿಸಿಇ, 1917ರಲ್ಲಿ. ಆದರೆ ಅಂಕಲ್ ಬಣ್ಣಿಸುವ ಸುವರ್ಣಯುಗದ ಮಧ್ಯದಲ್ಲೇ ಕ್ಯಾಪಿಟೇಶನ್ ಎಂಬ ಮಾತೂ ಇತ್ತು, ದುಡ್ಡಿನ ಚೀಲವೂ ಇತ್ತು ಎಂಬುದನ್ನು ಅವರು ಜಾಣತನದಿಂದ ಮರೆಯುತ್ತಾರೆ. ಅದನ್ನು ತಡೆಯಲು ಸರ್ಕಾರ 1984ರಲ್ಲಿ ಕಾಯ್ದೆ ಮಾಡಿತು, 1993ರಲ್ಲಿ ಸುಪ್ರೀಂ ಕೋರ್ಟು ಉನ್ನಿಕೃಷ್ಣನ್ ತೀರ್ಪು ಕೊಟ್ಟಿತು, 1994ರಲ್ಲಿ ಸಿಇಟಿ ಬಂತು. ಇಷ್ಟು ಹೇಳಿದರೆ ಅಂಕಲ್ ಕಿವಿಯ ಮೆಷಿನ್ನು ಸರಿಮಾಡಿಕೊಳ್ಳುತ್ತ, ‘ಏನಂದ್ರಿ?’ ಎನ್ನುತ್ತಾರೆ.

ಇಂದಿರಾನಗರದ ಸಿಎಂಎಚ್ ರಸ್ತೆಯ ಹಿಂದಿನ ಅಪಾರ್ಟ್‌ಮೆಂಟಿನಲ್ಲಿ ನನ್ನ ಗೆಳೆಯನೊಬ್ಬನಿದ್ದಾನೆ. ಅವನ ದುಃಖವೇ ಬೇರೆ. ಮಗ ಸಿಬಿಎಸ್‌ಇ. ‘ನಿಮ್ಮ ಸ್ಟೇಟ್ ಬೋರ್ಡ್‌ನವರು ಮಾರ್ಕ್ಸನ್ನ ಕಡ್ಲೆಪುರಿ ಹಂಚಿದಂಗೆ ಹಂಚ್ತಾರೆ, ಅರ್ಧ ವೆಯ್ಟೇಜು ನಿಮಗೇ ಲಾಭ’ ಎನ್ನುತ್ತಾನೆ. ನಾನು ಬಿಡುವವನಲ್ಲ. ‘ಸಿಇಟಿ ನಮ್ಮ ಪಿಯು ಸಿಲಬಸ್ಸಿಂದೇ ಅಲ್ವಾ ಬರೋದು, ಅದನ್ನ ನಿನ್ನ ಮಗ ಮಂಡಿಯೂರಿ ಓದ್ಲಿ’ ಎಂದೆ. ಕೋಚಿಂಗಿಗೆ ಅವನು ಕಟ್ಟಿದ ಫೀಸು ಕೇಳಿದ ಮೇಲೆ ಮಾತ್ರ ನನ್ನ ದನಿ ತಗ್ಗಿತು. ಆ ದುಡ್ಡಿನಲ್ಲಿ ನಮ್ಮಪ್ಪ ಹಲಸೂರಿನಲ್ಲಿ ಈ ಮನೆ ಕಟ್ಟಿಸಿ ಗೃಹಪ್ರವೇಶದ ಊಟವನ್ನೂ ಹಾಕಿಸಿದ್ದ.

ಒಂದೇ ಅಂಕಪಟ್ಟಿಗೆ ಬೇರೆ ಬೇರೆ ಕೌಂಟರಿನಲ್ಲಿ ಬೇರೆ ಬೇರೆ ಬೆಲೆ ಎಂಬುದು ನನಗೆ ಗೊತ್ತಾದದ್ದೂ ಅವನಿಂದಲೇ. ಎನ್‌ಐಟಿಗೆ ಜೆಇಇ ರ್ಯಾಂಕೇ ಸರ್ವಸ್ವ, ಪಿಯುಸಿಯಲ್ಲಿ ಶೇ 75 ದಾಟಿದ್ದರೆ ಸಾಕು. 2013ರಿಂದ ಕೆಲವು ವರ್ಷ ಅಲ್ಲೂ ಬೋರ್ಡಿನ ಅಂಕಕ್ಕೆ ಶೇ 40 ಪಾಲಿತ್ತು, 2017ರಲ್ಲಿ ಅದನ್ನು ಕಿತ್ತುಹಾಕಿದರು. ಖಾಸಗಿ ಕಾಲೇಜುಗಳ ಕಾಮೆಡ್‌ಕೆ ಪರೀಕ್ಷೆಗೆ ಪಿಸಿಎಂನಲ್ಲಿ ಶೇ 45. ಎದುರುಮನೆ ಹುಡುಗ ಮೆಡಿಕಲ್ಲಿಗೆಂದು ಬರೆದ ನೀಟ್‌ಗೆ ಪಿಸಿಬಿಯಲ್ಲಿ, ಅಂದರೆ ಮ್ಯಾಥ್ಸ್ ಬದಲು ಬಯಾಲಜಿ ಸೇರಿಸಿ, ಶೇ 50. ಅವನಿಗೆ ಬಯಾಲಜಿಯಲ್ಲಿ 99 ಬಂದಾಗ ಆಂಟಿ ಬೀದಿಗೆಲ್ಲ ಲಾಡು ಹಂಚಿದ್ದರು. ಆ 99ರಲ್ಲಿ 49 ದಂಡ ಎಂದು ಅಂಕಲ್ ಲೆಕ್ಕ ಹೇಳಿದ ದಿನದಿಂದ ಆ ಮನೆಗೂ ಈ ಮನೆಗೂ ಮಾತಿಲ್ಲ.

2021ರಲ್ಲಂತೂ ಪಿಯುಸಿ ಅಂಕದ ಬೆಲೆಯೇ ಬಿದ್ದುಹೋಗಿತ್ತು. ಕೋವಿಡ್ಡಿನಿಂದ ಪಿಯುಸಿ ಪರೀಕ್ಷೆ ರದ್ದು, ಎಲ್ಲರೂ ಪಾಸು, ರ್ಯಾಂಕಿಗೆ ಸಿಇಟಿ ಒಂದೇ. ಮರುವರ್ಷ ಆ ಬ್ಯಾಚಿನವರು ಮತ್ತೆ ಸಿಇಟಿ ಬರೆದಾಗ, ಪರೀಕ್ಷೆ ಇಲ್ಲದೆ ಬಂದ ಪಿಯು ಅಂಕವನ್ನು ಎಣಿಸಬೇಕೋ ಬೇಡವೋ ಎಂಬ ತಗಾದೆ ಹೈಕೋರ್ಟಿನವರೆಗೆ ಹೋಯಿತು. ಬರೆಯದ ಪರೀಕ್ಷೆಯ ಅಂಕಕ್ಕಾಗಿ ವಾದಿಸಿದ ವಕೀಲರ ಮೇಲೆ ನನಗೆ ಅಪಾರ ಗೌರವ.

ನಮ್ಮ ಭಾವನ ಹೋರಾಟ ಕೆಮಿಸ್ಟ್ರಿಯ ಮೇಲೆ. 89 ಎಂದರೆ ಪ್ರಾಕ್ಟಿಕಲ್ಲಿನ 30 ಕಳೆದು ಥಿಯರಿಯಲ್ಲಿ 70ಕ್ಕೆ 59. ‘ಹನ್ನೊಂದು ಮಾರ್ಕ್ಸ್ ಎಲ್ಲಿ ಹೋಯ್ತು?’ ಎಂದು ಮನೆಯ ಬೀರುವಿನಿಂದ ಕಳೆದುಹೋದ ಒಡವೆ ಎಂಬಂತೆ ಕೇಳುತ್ತಿದ್ದರು. ಪರೀಕ್ಷೆ-2, ಪರೀಕ್ಷೆ-3 ಎಂದು ಆ ವರ್ಷ ಮೂರು ಅವಕಾಶವಿತ್ತು, ಹೆಚ್ಚು ಬಂದ ಅಂಕವನ್ನೇ ಇಟ್ಟುಕೊಳ್ಳಬಹುದಿತ್ತು. ಹುಡುಗಿ ಒಪ್ಪಲಿಲ್ಲ. ಸರಿ, 530 ರೂಪಾಯಿ ಕಟ್ಟಿ ಉತ್ತರಪತ್ರಿಕೆಯ ಸ್ಕ್ಯಾನ್ ಪ್ರತಿ ತರಿಸಿದರು. ನಾವೆಲ್ಲ ಲ್ಯಾಪ್‌ಟಾಪಿನ ಸುತ್ತ ಕೂತು ಪುಟ ಪುಟ ಜಾಲಾಡಿದೆವು. ಕೂಡುವುದರಲ್ಲಿ ತಪ್ಪಿರಲಿಲ್ಲ. ಎಂಟನೇ ಪುಟದಲ್ಲಿ ಹುಡುಗಿ ಬೆಂಜೀನಿನ ಚಿತ್ರ ಬರೆಯುವ ಕಡೆ ಒಂದು ಮೂಲೆಯನ್ನೇ ಮರೆತಿದ್ದಳು. ಮೌಲ್ಯಮಾಪಕರು ಯಾವ ಮನಸ್ಸಿನಲ್ಲಿದ್ದರೋ ಪೂರ್ತಿ ಅಂಕ ಕೊಟ್ಟಿದ್ದರು. ಮರುಮೌಲ್ಯಮಾಪನಕ್ಕೆ 1,670 ರೂಪಾಯಿ ಎತ್ತಿಟ್ಟಿದ್ದ ಭಾವ ಒಂದು ಕ್ಷಣ ಸುಮ್ಮನಿದ್ದು, ‘ಪಾಪ, ಅವರೂ ಎಷ್ಟೂಂತ ನೋಡ್ತಾರೆ’ ಎಂದು ಫೈಲು ಮುಚ್ಚಿದರು.

ಸಿಇಟಿಯಲ್ಲಿ ಅವಳಿಗೆ ಬಂದದ್ದು 180ಕ್ಕೆ 81, ಅಂದರೆ ಶೇ 45. ಪಿಯುಸಿಯ 92.33ರ ಜತೆ ಕೂಡಿಸಿ ಎರಡರಿಂದ ಭಾಗಿಸಿದರೆ 68.67. ‘ತೊಂಬತ್ಮೂರು ಪರ್ಸೆಂಟ್ ತೆಗೆದ ಹುಡುಗಿ’ ಎಂದು ಊರಿಗೆಲ್ಲ ಫೋನು ಮಾಡಿದ್ದ ಅಕ್ಕನಿಗೆ ಈ ಅರವತ್ತೆಂಟನ್ನು ಎಲ್ಲಿ ಬಚ್ಚಿಡಬೇಕೋ ತಿಳಿಯಲಿಲ್ಲ. ಭಾವ ಆ ಹೊತ್ತಿಗೆ ಮೀಸಲಾತಿ ಕಲಮುಗಳನ್ನು ಓದುತ್ತಿದ್ದರು. ‘ನಾವು ಕೆ.ಆರ್. ಪುರಕ್ಕೆ ಬಂದಾಗ ಮನೆ ಹಿಂದೆ ರಾಗಿ ಹೊಲ ಇತ್ತು. ಗ್ರಾಮೀಣ ಕೋಟಾ ಯಾಕೆ ಬರಲ್ಲ?’ ಎಂದರು. ಕೆ.ಆರ್. ಪುರ ಬಿಬಿಎಂಪಿಗೆ ಸೇರಿದ್ದು 2007ರಲ್ಲಿ, ಮಗಳು ಹುಟ್ಟಿದ್ದೂ ಅದೇ ವರ್ಷ. ತನ್ನ ಮಗಳ ಕೋಟಾ ತಪ್ಪಿಸಲೆಂದೇ ಆ ವರ್ಷ ಊರು ಬೆಳೆಯಿತೆಂದು ಅವರ ಗುಮಾನಿ. ‘ಅಪ್ಪಾ, ಒಂದರಿಂದ ಹತ್ತರವರೆಗೆ ಹಳ್ಳಿ ಶಾಲೇಲಿ ಓದಿರಬೇಕು. ನಾನು ಓದಿದ ಶಾಲೆ ಎದುರಿಗೆ ಮಾಲ್ ಇದೆ’ ಎಂದಳು ಹುಡುಗಿ.

ಆಮೇಲೆ ಆಪ್ಶನ್ ಎಂಟ್ರಿ. ಯಾವ ಕಾಲೇಜು, ಯಾವ ಬ್ರಾಂಚು ಎಂದು ಆದ್ಯತೆಯ ಕ್ರಮದಲ್ಲಿ ತುಂಬಬೇಕು. ಅಕ್ಕನ ಪಟ್ಟಿ ಬೆಳೆಯುತ್ತಲೇ ಹೋಯಿತು. ಹತ್ತಿರದ ಕಾಲೇಜು ಎಂದು ಕೆ.ಆರ್. ಪುರದ್ದು, ಹೆಸರಿದೆ ಎಂದು ಮೈಸೂರು ರಸ್ತೆಯದು, ಊಟ ಚೆನ್ನಾಗಿರುತ್ತದೆ ಎಂದು ಮಂಗಳೂರಿನದೊಂದು. ಅಂಕಲ್ ತಮ್ಮ ಹಳೇ ಋಣ ತೀರಿಸಲು ‘ಇಸಿ ತಗೋಮ್ಮ, ಟೆಲಿಕಾಂಗೆ ಸಾವಿಲ್ಲ’ ಎಂದರು. ಅವರು ತಯಾರಿಸಿದ ಕಪ್ಪು ಫೋನು ನಮ್ಮ ಹಾಲಿನ ಮೂಲೆಯಲ್ಲಿ, ತಂತಿಯಿಲ್ಲದೆ, ಹೂದಾನಿಯ ಪಕ್ಕ ಕೂತು ಇದನ್ನು ಕೇಳಿಸಿಕೊಳ್ಳುತ್ತಿತ್ತು.

ಸೀಟು ಸಿಕ್ಕ ಮೇಲೆ ಮತ್ತೆ ನಾಲ್ಕು ಚಾಯ್ಸು. ಒಂದು ಎಂದರೆ ಒಪ್ಪಿದೆ, ಸೇರುತ್ತೇನೆ. ಎರಡು ಎಂದರೆ ಒಪ್ಪಿದೆ, ಆದರೆ ಇದಕ್ಕಿಂತ ಒಳ್ಳೆಯದು ಮುಂದಿನ ಸುತ್ತಿನಲ್ಲಿ ಸಿಕ್ಕರೆ ಅದು. ಮೂರು ಎಂದರೆ ಇದು ಬೇಡ, ಮುಂದಿನ ಸುತ್ತಿಗಿರುತ್ತೇನೆ. ನಾಲ್ಕು ಎಂದರೆ ಸಹವಾಸವೇ ಬೇಡ. ಭಾವ ಚಾಯ್ಸ್ ಎರಡನ್ನು ವಿವರಿಸಿದಾಗ ಅಮ್ಮ ಕಾಳು ಆರಿಸುವುದನ್ನು ನಿಲ್ಲಿಸಿದಳು. ‘ನನ್ನ ನೋಡೋಕೆ ಬಂದ ಆ ದೊಡ್ಡಬಳ್ಳಾಪುರದೋರೂ ಇದನ್ನೇ ಹೇಳಿದ್ದು. ಆಮೇಲೆ ಬರಲೇ ಇಲ್ಲ.’

ಹುಡುಗಿ ಎರಡನ್ನೇ ಒತ್ತಿದಳು. ಇನ್ಫರ್ಮೇಶನ್ ಸೈನ್ಸ್ ಸಿಕ್ಕಿತ್ತು, ಮುಂದಿನ ಸುತ್ತಿನಲ್ಲೂ ಅದೇ ಉಳಿಯಿತು. ಮೆಟ್ರೊದಲ್ಲಿ ಹೋಗಿಬರಬಹುದು, ವಿಟಿಯು ಅಡಿಯ ಕಾಲೇಜು. ಮೊದಲ ವಾರವೇ ಪುಸ್ತಕದ ಪಟ್ಟಿ ಬಂತು. ಅಕ್ಕ ಕನ್ನಡಕ ಏರಿಸಿ ಓದುತ್ತ ಓದುತ್ತ ಒಂದು ಕಡೆ ನಿಂತಳು.

‘ಇದೇನಿದು, ಸಾಂಸ್ಕೃತಿಕ ಕನ್ನಡ?’

‘ವಿಟಿಯುನಲ್ಲಿ ಅದು ಕಡ್ಡಾಯ ಅಮ್ಮ. ಕನ್ನಡ ಬರದೋರಿಗೆ ಬಳಕೆ ಕನ್ನಡ, ಬರೋರಿಗೆ ಇದು.’

‘ಎಷ್ಟು ಮಾರ್ಕ್ಸು?’

‘ನೂರು.’

ಅಕ್ಕ ಮೇಲಿನ ಮಹಡಿಯ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಕೇಳಿದಳು: ‘ಇದಾದ್ರೂ ಬರುತ್ತೇನೇ?’